ತೂಕ ಜಾಸ್ತಿ ಇರುವವರು ಭಾರದ ವ್ಯಾಯಾಮ ಶುರು ಮಾಡುವುದು ಹೇಗೆ? ಹೃದಯಕ್ಕೆ ತೊಂದರೆಯಾಗದಂಥ ಕ್ರಮ

ಜಿಮ್‌ಗೆ ಒಂದು ವರ್ಷದ ಹಣ ಕಟ್ಟಿ ಎರಡೇ ವಾರಕ್ಕೆ ಬಿಟ್ಟವರು ನಮ್ಮ ಸುತ್ತ ಎಷ್ಟೋ ಜನ ಇದ್ದಾರೆ. ಹೆಚ್ಚಿನವರ ಕಥೆ ಒಂದೇ. ಮೊದಲ ದಿನವೇ ಮುಕ್ಕಾಲು ಗಂಟೆ ಭಾರ ಎತ್ತುತ್ತಾರೆ. ಮರುದಿನ ಶೌಚಾಲಯದಲ್ಲಿ ಕೂತರೆ ಏಳೋಕೇ ಆಗುವುದಿಲ್ಲ. ಹಾಗೂ ಹೀಗೂ ಮುಂದುವರಿಸಿ, ವಾರ ಕಳೆದ ಮೇಲೆ ತೂಕ ನೋಡಿದರೆ ಒಂದು ಕಿಲೋ ಕೂಡ ಇಳಿದಿರುವುದಿಲ್ಲ. ಅಲ್ಲಿಗೆ ಬಿಟ್ಟೇಬಿಡುತ್ತಾರೆ. ಇನ್ನು ಕೆಲವರು ಭಯದಿಂದ ಶುರುವನ್ನೇ ಮಾಡುವುದಿಲ್ಲ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಹೋದ ಮೇಲಂತೂ ಆ ಭಯ ಕರ್ನಾಟಕದ ಮನೆಮನೆಗೂ ಬಂತು.

ದುಡುಕಿ ಶುರು ಮಾಡಿದವರಿಗೂ, ಹೆದರಿ ಕೂತವರಿಗೂ ಬೇಕಾದದ್ದು ಒಂದೇ: ಸರಿಯಾದ ಕ್ರಮ. ಮೊದಲು ಬಿಪಿ ನೋಡಬೇಕು. ಆಮೇಲೆ ಉಸಿರಾಟ ಕಲಿಯಬೇಕು. ಆಮೇಲೆ ಬರಿಗೈಯಲ್ಲಿ ಚಲನೆ ಕಲಿಯಬೇಕು. ಭಾರ ಬರುವುದು ಕೊನೆಗೆ. ಸಾಮಾನ್ಯವಾಗಿ ಜನ ಇದನ್ನು ತಲೆಕೆಳಗಾಗಿ ಮಾಡುತ್ತಾರೆ.

ಭಾರದ ವ್ಯಾಯಾಮ ಅಂದರೆ ಡಂಬೆಲ್ ಮಾತ್ರ ಅಲ್ಲ. ರಬ್ಬರ್ ಬ್ಯಾಂಡ್ ಎಳೆಯುವುದು, ಗೋಡೆಯನ್ನು ತಳ್ಳುವುದು, ಕುರ್ಚಿಯಿಂದ ಕೈ ಊರದೆ ಏಳುವುದು, ಎಲ್ಲವೂ ಅದೇ. ಭಾರತೀಯರಿಗೆ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ಲೆಕ್ಕ ಹಾಕುವ ಅಂಕಿ) 25 ದಾಟಿದರೆ ಬೊಜ್ಜು ಎಂದು ಲೆಕ್ಕ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಹೊಟ್ಟೆಯ ಬೊಜ್ಜು ಇದೆ ಎಂದರ್ಥ. ಈ ಮಾರ್ಗದರ್ಶಿ ಇವರಿಗಾಗಿ. ಗರ್ಭಿಣಿಯರು ಇದನ್ನು ಅನುಸರಿಸಬೇಡಿ. ಅವರಿಗೆ ಬೇರೆ ಸಲಹೆ ಬೇಕು.

## ಮೊದಲು ಇಷ್ಟು ತಿಳಿದಿರಲಿ: ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2023ರ ಕೊನೆಯಲ್ಲಿ ಈ ವಿಷಯದ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ಒಂದು ಹೇಳಿಕೆ ಪ್ರಕಟಿಸಿತು. ಭಾರದ ವ್ಯಾಯಾಮ ಮಾಡುವವರಲ್ಲಿ, ಮಾಡದವರಿಗಿಂತ ಹೃದಯ ಮತ್ತು ರಕ್ತನಾಳದ ಕಾಯಿಲೆ ಸುಮಾರು ಶೇ. 17ರಷ್ಟು ಕಡಿಮೆ ಕಂಡುಬಂದಿದೆ. ಅತಿ ಹೆಚ್ಚು ಲಾಭ ಕಂಡಿದ್ದು ವಾರಕ್ಕೆ 30ರಿಂದ 60 ನಿಮಿಷ ಮಾಡಿದವರಲ್ಲಿ. ದಿನಕ್ಕಲ್ಲ, ವಾರಕ್ಕೆ. ಅಂದರೆ ವಾರದಲ್ಲಿ ಎರಡು ದಿನ, ತಲಾ 20-25 ನಿಮಿಷ ಸಾಕು.

ಸಿಗದೇ ಇರುವುದು ತೂಕದಲ್ಲಿ ದೊಡ್ಡ ಇಳಿಕೆ. ಬರೀ ಭಾರದ ವ್ಯಾಯಾಮದಿಂದ ಕಿಲೋಗಟ್ಟಲೆ ಇಳಿಯುವುದಿಲ್ಲ. ಕೊಬ್ಬು ಸ್ವಲ್ಪ ಕರಗಿ ಸ್ನಾಯು ಸ್ವಲ್ಪ ಬೆಳೆದರೆ ತೂಕ ಅಷ್ಟೇ ಉಳಿಯಬಹುದು. ಆದರೆ ಒಳಗೆ ಕೆಲಸ ನಡೆದಿರುತ್ತದೆ. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಪಾಲನ್ನು ಎಳೆದುಕೊಳ್ಳುವುದು ಸ್ನಾಯುಗಳೇ. ಅವು ಚುರುಕಾದಷ್ಟೂ ಸಕ್ಕರೆ ಹಿಡಿತಕ್ಕೆ ಬರುತ್ತದೆ. ಬಿಪಿ ಕೂಡ ಒಂದಷ್ಟು ಇಳಿಯುತ್ತದೆ. ಹಾಗಾಗಿ ಮೊದಲ ಮೂರು ತಿಂಗಳು ತೂಕದ ಯಂತ್ರವನ್ನು ಮಂಚದ ಕೆಳಗೆ ತಳ್ಳಿಬಿಡಿ. ನೋಡಬೇಕಾದ ಅಂಕಿಗಳು ಬೇರೆ ಇವೆ.

## ಹಂತ 1: ವೈದ್ಯರ ಹತ್ತಿರ ಒಂದು ಸಲ ಹೋಗಿ ಬನ್ನಿ

ಈ ಹಂತವನ್ನು ಬಿಟ್ಟು ಮುಂದೆ ಹೋಗಬೇಡಿ. ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ ಅಥವಾ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ), ಕೊಲೆಸ್ಟ್ರಾಲ್ ಪರೀಕ್ಷೆ ಆಗಿರಲಿ. ವಯಸ್ಸು 40 ದಾಟಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಬೀಡಿ-ಸಿಗರೇಟ್ ಅಭ್ಯಾಸ ಇದ್ದರೆ ಅಥವಾ ಅಪ್ಪ-ಅಮ್ಮ, ಒಡಹುಟ್ಟಿದವರಿಗೆ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಆಗಿದ್ದರೆ ಇಸಿಜಿ ಬಗ್ಗೆಯೂ ಕೇಳಿ. ಇಸಿಜಿ ನಾರ್ಮಲ್ ಬಂದ ಮಾತ್ರಕ್ಕೆ ರಕ್ತನಾಳಗಳೆಲ್ಲ ಚೆನ್ನಾಗಿವೆ ಎಂದು ಹೇಳಲಾಗದು. ಅದಕ್ಕೇ ವೈದ್ಯರಿಗೆ ರಿಪೋರ್ಟ್ ಮಾತ್ರ ತೋರಿಸಿ ಬರಬೇಡಿ, ನಿಮ್ಮ ಲಕ್ಷಣಗಳನ್ನೂ ಬಾಯಿಬಿಟ್ಟು ಹೇಳಿ.

ಮುಖ್ಯವಾಗಿ ಮೂರು ವಿಷಯ ಹೇಳಬೇಕು. ಮೆಟ್ಟಿಲು ಹತ್ತುವಾಗ ಎದೆ ಬಿಗಿದು, ನಿಂತರೆ ಕಡಿಮೆಯಾಗುತ್ತದೆಯಾ? ರಾತ್ರಿ ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ನಿಂತಂತಾಗಿ ಎಚ್ಚರವಾಗುತ್ತದೆಯಾ? ಎರಡೂ ಕಾಲು ಸಂಜೆ ಹೊತ್ತಿಗೆ ಊದುತ್ತವೆಯಾ? ಮೊದಲನೆಯದು ಇದ್ದರೆ ಹೃದಯ ತಜ್ಞರು ನೋಡುವವರೆಗೆ ಯಾವ ವ್ಯಾಯಾಮವೂ ಬೇಡ. ಗೊರಕೆಯನ್ನು ನಾವು ಕಾಯಿಲೆ ಎಂದೇ ಎಣಿಸುವುದಿಲ್ಲ. ಆದರೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಬಿಪಿಯನ್ನು ಏರಿಸುತ್ತದೆ, ಮತ್ತು ಬೊಜ್ಜು ಇರುವವರಲ್ಲಿ ಅದು ಹೆಚ್ಚು.

ಸದ್ಯಕ್ಕೆ ಶುರು ಮಾಡಲೇಬಾರದವರು: ಬಿಪಿ 180/110 ಅಥವಾ ಅದಕ್ಕಿಂತ ಹೆಚ್ಚಿರುವವರು. ಸುಮ್ಮನೆ ಕೂತಾಗಲೂ ಎದೆನೋವು ಬರುವವರು. ಹತೋಟಿಗೆ ಬಾರದ ಹೃದಯ ವೈಫಲ್ಯ ಅಥವಾ ಹೃದಯ ಬಡಿತದ ಏರುಪೇರು ಇರುವವರು. ಹೃದಯದ ಕವಾಟ ತುಂಬಾ ಕಿರಿದಾಗಿ ಲಕ್ಷಣ ಕಾಣಿಸಿಕೊಂಡವರು. ಸಕ್ಕರೆ ಕಾಯಿಲೆಯಿಂದ ಕಣ್ಣಿನ ರೆಟಿನಾದಲ್ಲಿ ಹೊಸ ರಕ್ತನಾಳ ಬೆಳೆದು ಚಿಕಿತ್ಸೆಯಲ್ಲಿರುವವರು. ಹರ್ನಿಯಾ ಇರುವವರು ಶಸ್ತ್ರಚಿಕಿತ್ಸೆ ಮಾಡುವ ವೈದ್ಯರನ್ನು ಮೊದಲು ಕೇಳಿ. ಹೃದಯಾಘಾತ ಆಗಿದ್ದರೆ, ಸ್ಟೆಂಟ್ ಹಾಕಿಸಿಕೊಂಡಿದ್ದರೆ ಅಥವಾ ಬೈಪಾಸ್ ಆಗಿದ್ದರೆ, ಯಾವಾಗ ಶುರು ಮಾಡಬಹುದು ಎಂದು ನಿಮ್ಮ ಹೃದಯ ತಜ್ಞರೇ ಹೇಳಬೇಕು. ಬೈಪಾಸ್ ಆದವರ ಎದೆ ಮೂಳೆ ಕೂಡಿಕೊಳ್ಳಲು ತಿಂಗಳುಗಳೇ ಬೇಕು.

ಬಿಪಿ 160/100 ಆಸುಪಾಸಿನಲ್ಲೇ ಇದ್ದರೆ ಮೊದಲು ಔಷಧಿ ಸರಿಮಾಡಿಸಿಕೊಳ್ಳಿ. ಹದಿನೈದು ದಿನ ತಡವಾದರೂ ಪರವಾಗಿಲ್ಲ.

### ಮಾತ್ರೆಗಳ ಬಗ್ಗೆ

ನೀವು ತಗೊಳ್ಳುವ ಮಾತ್ರೆಗಳ ಹೆಸರು ಬರೆದುಕೊಂಡು ಹೋಗಿ. ಮೆಟೊಪ್ರೊಲಾಲ್, ಅಟೆನೊಲಾಲ್ ಥರದವು ಹೃದಯ ಬಡಿತವನ್ನು ತಗ್ಗಿಸಿಡುತ್ತವೆ. ಇವುಗಳನ್ನು ತಗೊಳ್ಳುವವರು ಸ್ಮಾರ್ಟ್‌ವಾಚ್‌ನಲ್ಲಿ ಬಡಿತ ನೋಡಿ 'ಇನ್ನೂ ಜಾಸ್ತಿ ಮಾಡಬಹುದು' ಎಂದುಕೊಂಡರೆ ಮೋಸ ಹೋಗುತ್ತಾರೆ. ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರಿಗೆ ವ್ಯಾಯಾಮದ ನಂತರ ಸಕ್ಕರೆ ಕುಸಿಯಬಹುದು. ಅದು ಕೆಲವೊಮ್ಮೆ ಗಂಟೆಗಳ ನಂತರ, ರಾತ್ರಿ ಮಲಗಿದಾಗ ಆಗುವುದೂ ಉಂಟು.

ವ್ಯಾಯಾಮ ಮಾಡ್ತೀನಿ ಅಂತ ಬೆಳಗಿನ ಬಿಪಿ ಮಾತ್ರೆ ಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಾತ್ರೆಯ ಸಮಯ ಬದಲಿಸಬೇಕಾದರೆ ವೈದ್ಯರೇ ಬದಲಿಸಲಿ.

## ಹಂತ 2: ಬಿಪಿಯನ್ನು ಸರಿಯಾಗಿ ಅಳೆಯುವುದು ಕಲಿಯಿರಿ

ದಪ್ಪ ತೋಳಿನವರಿಗೆ ಇಲ್ಲೇ ದೊಡ್ಡ ಎಡವಟ್ಟು ಆಗುತ್ತದೆ. ಬಿಪಿ ಯಂತ್ರದ ಜೊತೆ ಬರುವ ಪಟ್ಟಿ ಸಾಮಾನ್ಯವಾಗಿ ಮಧ್ಯಮ ಅಳತೆಯ ತೋಳಿಗೆ ಹೊಲಿದದ್ದು. ದಪ್ಪ ತೋಳಿಗೆ ಅದನ್ನೇ ಬಿಗಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. 2023ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗದಲ್ಲಿ, ದೊಡ್ಡ ಪಟ್ಟಿ ಬೇಕಾದವರಿಗೆ ಸಾಧಾರಣ ಪಟ್ಟಿ ಸುತ್ತಿದಾಗ ಮೇಲಿನ ಅಂಕಿ ಸರಾಸರಿ 5ರಷ್ಟು ಹೆಚ್ಚು ಬಂತು. ಇನ್ನೂ ದೊಡ್ಡ ಪಟ್ಟಿ ಬೇಕಾದವರಲ್ಲಿ ಸುಮಾರು 20 ಹೆಚ್ಚು ಬಂತು. 128 ಇದ್ದವರಿಗೆ 148 ತೋರಿಸಿದರೆ ಏನಾಗಬಹುದು ಯೋಚಿಸಿ.

ಹಾಗಾಗಿ ಟೇಪ್ ತಗೊಂಡು ಭುಜ ಮತ್ತು ಮೊಣಕೈ ನಡುವಿನ ಮಧ್ಯಭಾಗದಲ್ಲಿ ತೋಳಿನ ಸುತ್ತಳತೆ ನೋಡಿ. 32 ಸೆಂ.ಮೀ. ದಾಟಿದ್ದರೆ ಮೆಡಿಕಲ್ ಶಾಪ್‌ನಲ್ಲಿ ದೊಡ್ಡ ಪಟ್ಟಿ ಕೇಳಿ. ಪಟ್ಟಿಯ ಮೇಲೆ ಅದು ಎಷ್ಟರಿಂದ ಎಷ್ಟು ಸೆಂ.ಮೀ. ತೋಳಿಗೆ ಎಂದು ಬರೆದಿರುತ್ತದೆ. ಆಸ್ಪತ್ರೆಯಲ್ಲೂ 'ದೊಡ್ಡ ಪಟ್ಟಿ ಇದೆಯಾ ಸಿಸ್ಟರ್?' ಎಂದು ಕೇಳಲು ಸಂಕೋಚ ಬೇಡ. ಮಣಿಕಟ್ಟಿಗೆ ಕಟ್ಟುವ ಯಂತ್ರಕ್ಕಿಂತ ತೋಳಿನ ಯಂತ್ರ ಮೇಲು.

ಅಳೆಯುವ ಅರ್ಧ ಗಂಟೆ ಮುಂಚೆ ಕಾಫಿ-ಟೀ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನು ಒರಗಿಸಿ, ಪಾದ ನೆಲಕ್ಕೆ ಊರಿ, 5 ನಿಮಿಷ ಮಾತಾಡದೆ ಕೂತಿರಿ. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ, ಎರಡನ್ನೂ ಬರೆದಿಡಿ.

ಅದೇ ದಿನ ಇನ್ನೂ ಎರಡು ಅಂಕಿ ಬರೆಯಿರಿ. ಒಂದು, ಸೊಂಟದ ಸುತ್ತಳತೆ: ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟಾಗ, ಹೊಟ್ಟೆ ಎಳೆದುಕೊಳ್ಳದೆ. ಇನ್ನೊಂದು, 30 ಸೆಕೆಂಡಿನಲ್ಲಿ ಕೈಗಳನ್ನು ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರುತ್ತೀರಿ ಎಂಬ ಲೆಕ್ಕ. ಕೈ ಊರದೆ ಒಮ್ಮೆಯೂ ಏಳಲಾಗದಿದ್ದರೆ ಸೊನ್ನೆ ಎಂದೇ ಬರೆಯಿರಿ.

## ಹಂತ 3: ಸಾಮಾನು ಜೋಡಿಸಿಕೊಳ್ಳಿ

ಹೆಚ್ಚು ಬೇಕಿಲ್ಲ. ಒಂದು ಗಟ್ಟಿ ಮರದ ಅಥವಾ ಕಬ್ಬಿಣದ ಕುರ್ಚಿ ಬೇಕು. ಚಕ್ರದ ಕುರ್ಚಿ, ಪ್ಲಾಸ್ಟಿಕ್ ಕುರ್ಚಿ ಬೇಡ. ಪ್ಲಾಸ್ಟಿಕ್ ಕುರ್ಚಿಯ ಕಾಲು ಟೈಲ್ಸ್ ಮೇಲೆ ಅಗಲವಾಗಿ ಜಾರುತ್ತದೆ, ಭಾರಕ್ಕೆ ಮುರಿಯುವುದೂ ಇದೆ. ಕುರ್ಚಿಯ ಬೆನ್ನು ಗೋಡೆಗೆ ತಾಗಿರಲಿ.

ಒಂದು ತೆಳು, ಒಂದು ಮಧ್ಯಮ ರಬ್ಬರ್ ಬ್ಯಾಂಡ್. ಅದನ್ನು ಕಟ್ಟಲು ನಮ್ಮ ಮನೆಗಳ ಕಿಟಕಿಯ ಕಬ್ಬಿಣದ ಸರಳು ಹೇಳಿ ಮಾಡಿಸಿದಂತಿರುತ್ತದೆ. ತುಕ್ಕು ಹಿಡಿದ ಚೂಪು ಅಂಚಿದ್ದರೆ ಬಟ್ಟೆ ಸುತ್ತಿ. ಪ್ರತಿ ಸಲ ಶುರುವಿಗೆ ಮುಂಚೆ ಬ್ಯಾಂಡ್ ಎಲ್ಲಾದರೂ ಬಿರುಕು ಬಿಟ್ಟಿದೆಯಾ ನೋಡಿ. ಅದು ಹರಿದು ಮುಖಕ್ಕೆ ಹೊಡೆದರೆ ಕಣ್ಣಿಗೆ ಅಪಾಯ.

ಭಾರಕ್ಕೆ ಒಂದು ಗಟ್ಟಿ ಕೈಚೀಲ ಮತ್ತು ಒಂದೊಂದು ಕಿಲೋದ ಉಪ್ಪಿನ ಪ್ಯಾಕೆಟ್‌ಗಳು. ಒಂದೊಂದೇ ಪ್ಯಾಕೆಟ್ ಸೇರಿಸುತ್ತಾ ಹೋಗಬಹುದು, ಲೆಕ್ಕ ಪಕ್ಕಾ. ಡಂಬೆಲ್ ಕೊಳ್ಳುವುದನ್ನು ಮೂರು ತಿಂಗಳು ಮುಂದಕ್ಕೆ ಹಾಕಿ. ಕಾಲಿಗೆ ಜಾರದ ಶೂ ಇರಲಿ. ತೊಡೆಗಳು ಉಜ್ಜಿ ಕೆಂಪಾಗುವವರು ಮೊಣಕಾಲವರೆಗಿನ ಬಿಗಿ ಬಟ್ಟೆ ಹಾಕಿಕೊಳ್ಳಿ, ಮುಗಿದ ಮೇಲೆ ಬೆವರು ಒರೆಸಿ ಒಣಗಿಸಿ. ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಈ ಉರಿಯನ್ನು ಯಾರಿಗೂ ಹೇಳಿಕೊಳ್ಳಲಾಗದೆ ಬಿಟ್ಟವರೂ ಇದ್ದಾರೆ.

## ಹಂತ 4: ಉಸಿರು ಕಟ್ಟದೆ ಮಾಡುವುದು ಕಲಿಯಿರಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ನೆನಪಿಡಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಭಾರ ಎತ್ತುವಾಗ ನಾವು ಗೊತ್ತಿಲ್ಲದೇ ಉಸಿರು ಬಿಗಿ ಹಿಡಿದು ಮುಕ್ಕರಿಯುತ್ತೇವೆ. ಆಗ ಎದೆಯೊಳಗಿನ ಒತ್ತಡ ಏರುತ್ತದೆ, ಬಿಪಿ ಜಿಗಿಯುತ್ತದೆ. 1985ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ದೇಹದಾರ್ಢ್ಯ ಪಟುಗಳ ತೋಳಿನ ರಕ್ತನಾಳದೊಳಗೇ ಒತ್ತಡ ಅಳೆದರು. ಎರಡೂ ಕಾಲಿನಿಂದ ಅತಿ ಭಾರ ತಳ್ಳುವಾಗ ಸರಾಸರಿ ಬಿಪಿ 320/250ಕ್ಕೆ ಏರಿತ್ತು. ಅವರು ಪಳಗಿದ, ಆರೋಗ್ಯವಂತ ಯುವಕರು. ಈಗಾಗಲೇ ಬಿಪಿ ಇರುವ, ರಕ್ತನಾಳ ಗಡುಸಾದ ಮೈಗೆ ಇಂಥ ಜಿಗಿತ ಬೇಡವೇ ಬೇಡ.

ಕಲಿಯುವ ರೀತಿ ಹೀಗೆ. ಕುರ್ಚಿಯಲ್ಲಿ ಕೂತು ಎರಡೂ ಅಂಗೈಗಳನ್ನು ಎದೆಯ ಮುಂದೆ ನಮಸ್ಕಾರದಂತೆ ಜೋಡಿಸಿ. ಮೂಗಿನಿಂದ ಉಸಿರು ಎಳೆದುಕೊಳ್ಳಿ. ಅಂಗೈಗಳನ್ನು ಒಂದಕ್ಕೊಂದು ಒತ್ತುತ್ತಾ ಬಾಯಿಂದ 'ಹೂ' ಎಂದು ನಿಧಾನವಾಗಿ ಬಿಡಿ. ಒತ್ತಡ ಸಡಿಲಿಸುತ್ತಾ ಮತ್ತೆ ಎಳೆದುಕೊಳ್ಳಿ. ಕಷ್ಟದ ಭಾಗದಲ್ಲಿ ಉಸಿರು ಹೊರಗೆ, ಸುಲಭದ ಭಾಗದಲ್ಲಿ ಒಳಗೆ. ಇದನ್ನು ಹತ್ತು ಸಲದಂತೆ ನಾಲ್ಕೈದು ದಿನ ಮಾಡಿ. ಬೇರೇನೂ ಬೇಡ.

ಗೊಂದಲ ಆದರೆ ಸುಲಭದ ದಾರಿ ಇದೆ. ಗಟ್ಟಿಯಾಗಿ ಎಣಿಸಿ: ಒಂದು, ಎರಡು, ಮೂರು. ಬಾಯಲ್ಲಿ ಎಣಿಕೆ ನಡೆಯುತ್ತಿದ್ದರೆ ಉಸಿರು ಕಟ್ಟಲು ಸಾಧ್ಯವೇ ಇಲ್ಲ.

ಎಚ್ಚರಿಕೆಯ ಗುರುತು: ಮುಖ ಕೆಂಪೇರುವುದು, ಕುತ್ತಿಗೆಯ ನರ ಉಬ್ಬುವುದು, ಹಲ್ಲು ಕಚ್ಚುವುದು, ಮುಗಿಸಿದಾಗ 'ಹಾ' ಎಂದು ಉಸಿರು ಹೊರಬೀಳುವುದು. ಇವುಗಳಲ್ಲಿ ಒಂದು ಕಂಡರೂ ಭಾರ ಜಾಸ್ತಿಯಾಗಿದೆ ಎಂದರ್ಥ. ಬ್ಯಾಂಡ್ ಅಥವಾ ಚೀಲವನ್ನು ಗಟ್ಟಿಯಾಗಿ ಹಿಸುಕಿ ಹಿಡಿಯಬೇಡಿ. ಬಿಗಿ ಮುಷ್ಟಿಯೂ ಬಿಪಿ ಏರಿಸುತ್ತದೆ.

## ಹಂತ 5: ಮೊದಲ ಎರಡು ವಾರ, ಬರೀ ಐದು ಚಲನೆ

ವಾರಕ್ಕೆ ಎರಡು ದಿನ, ನಡುವೆ ಕನಿಷ್ಠ ಎರಡು ದಿನ ಬಿಡುವು. ಸೋಮವಾರ-ಗುರುವಾರ ಅಂತ ಇಟ್ಟುಕೊಳ್ಳಿ. ಊಟವಾಗಿ ಎರಡು ಗಂಟೆ ಕಳೆದಿರಲಿ. ಶುರುವಿಗೆ ಮುಂಚೆ 5 ನಿಮಿಷ ಮನೆಯೊಳಗೇ ಓಡಾಡಿ, ಭುಜ ತಿರುಗಿಸಿ. ಪ್ರತಿ ಚಲನೆ 8ರಿಂದ 10 ಸಲ, ಒಂದೇ ಸುತ್ತು. ಒಂದು ಚಲನೆ ಮುಗಿದ ಮೇಲೆ ಒಂದೂವರೆಯಿಂದ ಎರಡು ನಿಮಿಷ ವಿಶ್ರಾಂತಿ.

ಮಲಗಿ ಮಾಡುವ ವ್ಯಾಯಾಮಗಳನ್ನು ಇಲ್ಲಿ ಬೇಕೆಂದೇ ಬಿಟ್ಟಿದ್ದೇನೆ. ಹೊಟ್ಟೆ ದೊಡ್ಡದಿರುವವರಿಗೆ ಅಂಗಾತ ಮಲಗಿದರೆ ಉಸಿರು ಕಟ್ಟಿದಂತಾಗುತ್ತದೆ. ನೆಲದಿಂದ ಏಳುವಾಗ ಮುಕ್ಕರಿಯಬೇಕಾಗುತ್ತದೆ. ತಲೆಯ ಮೇಲಕ್ಕೆ ಭಾರ ಎತ್ತುವುದೂ ಮೊದಲ ಆರು ವಾರ ಬೇಡ.

1. ಕುರ್ಚಿಯಿಂದ ಏಳುವುದು. ಕುರ್ಚಿಯ ಮುಂಭಾಗಕ್ಕೆ ಸರಿದು ಕೂರಿ. ಪಾದ ಭುಜದಷ್ಟು ಅಗಲ. ಮುಂದಕ್ಕೆ ಸ್ವಲ್ಪ ಬಾಗಿ, ಉಸಿರು ಬಿಡುತ್ತಾ ಏಳಿ. ಕೂರುವಾಗ ದೊಪ್ ಎಂದು ಬೀಳಬೇಡಿ, ಮೂರು ಎಣಿಸುತ್ತಾ ಇಳಿಯಿರಿ. ಮಂಡಿ ನೋಯುತ್ತಿದ್ದರೆ ಕುರ್ಚಿ ಮೇಲೆ ಗಟ್ಟಿ ದಿಂಬು ಇಟ್ಟು ಎತ್ತರ ಮಾಡಿ. ಮೊದಮೊದಲು ಕೈ ಊರಿದರೂ ಸರಿ.

2. ಗೋಡೆ ತಳ್ಳುವುದು. ಗೋಡೆಯಿಂದ ಒಂದು ತೋಳಿನಷ್ಟು ದೂರ ನಿಂತು, ಅಂಗೈ ಎದೆಯ ಮಟ್ಟದಲ್ಲಿ ಊರಿ. ಮೊಣಕೈ ಮಡಿಸುತ್ತಾ ಎದೆ ಗೋಡೆಯ ಹತ್ತಿರ ತನ್ನಿ. ಉಸಿರು ಬಿಡುತ್ತಾ ಹಿಂದಕ್ಕೆ ತಳ್ಳಿ. ಸೊಂಟ ಜೋತುಬೀಳಬಾರದು.

3. ಬ್ಯಾಂಡ್ ಎಳೆಯುವುದು. ಬ್ಯಾಂಡನ್ನು ಕಿಟಕಿ ಸರಳಿಗೆ ಹೊಕ್ಕುಳಿನ ಎತ್ತರದಲ್ಲಿ ಸುತ್ತಿ. ಎರಡು ತುದಿ ಹಿಡಿದು ನಿಂತು ಮೊಣಕೈಗಳನ್ನು ಹಿಂದಕ್ಕೆ ಎಳೆಯಿರಿ. ಬೆನ್ನ ಹಿಂದಿನ ರೆಕ್ಕೆ ಮೂಳೆಗಳು ಹತ್ತಿರ ಬರಬೇಕು. ಭುಜ ಕಿವಿಯ ಕಡೆ ಏರಬಾರದು.

4. ಸೊಂಟದಿಂದ ಬಾಗುವುದು. ಗೋಡೆಗೆ ಬೆನ್ನು ಮಾಡಿ ಒಂದು ಗೇಣು ದೂರ ನಿಲ್ಲಿ. ಮಂಡಿ ಸ್ವಲ್ಪ ಸಡಿಲ. ಬೆನ್ನು ನೇರವಾಗಿಟ್ಟು, ಪೃಷ್ಠ ಗೋಡೆಗೆ ತಾಗುವವರೆಗೆ ಹಿಂದಕ್ಕೆ ಸರಿಸಿ, ಮತ್ತೆ ನೇರವಾಗಿ. ತಲೆ ಎದೆಗಿಂತ ಕೆಳಗೆ ಹೋಗುವಷ್ಟು ಬಾಗಬೇಡಿ, ತಲೆ ತಿರುಗಬಹುದು. ಐದರಲ್ಲಿ ಕಲಿಯಲು ಕಷ್ಟವಾದದ್ದು ಇದೇ. ಬೆನ್ನು ಗೂನಾಗುತ್ತಿದೆಯಾ ಎಂದು ಮನೆಯವರನ್ನು ಪಕ್ಕದಿಂದ ನೋಡಲು ಹೇಳಿ.

5. ಹಿಮ್ಮಡಿ ಎತ್ತುವುದು. ಗೋಡೆ ಹಿಡಿದು ತುದಿಗಾಲ ಮೇಲೆ ಏರಿ, ನಿಧಾನ ಇಳಿಯಿರಿ.

ಮುಗಿದ ಕೂಡಲೇ ಸೋಫಾ ಮೇಲೆ ಬೀಳಬೇಡಿ. 5 ನಿಮಿಷ ನಿಧಾನ ನಡೆದಾಡಿ. ಬಿಪಿ ಮಾತ್ರೆ ತಗೊಳ್ಳುವವರಿಗೆ ತಟ್ಟನೆ ನಿಲ್ಲಿಸಿದರೆ ಒತ್ತಡ ಕುಸಿದು ಕಣ್ಣು ಕತ್ತಲಿಡಬಹುದು. ಬಿಸಿನೀರಿನ ಸ್ನಾನವೂ ಹದಿನೈದಿಪ್ಪತ್ತು ನಿಮಿಷ ಬಿಟ್ಟು.

ಎಷ್ಟು ಕಷ್ಟಪಡಬೇಕು ಎಂಬುದಕ್ಕೆ ಒಂದು ಅಳತೆ: ನಿಲ್ಲಿಸುವ ಹೊತ್ತಿಗೆ 'ಇನ್ನೂ ನಾಲ್ಕೈದು ಸಲ ಮಾಡಬಲ್ಲೆ' ಅನ್ನಿಸಬೇಕು. ಪೂರ್ತಿ ವಾಕ್ಯ ಮಾತಾಡಲು ಬರಬೇಕು. ಎರಡು ವಾರ ಇದು ತೀರಾ ಸುಲಭ ಅನ್ನಿಸಿದರೂ ಜಾಸ್ತಿ ಮಾಡಬೇಡಿ. ಕೀಲುಗಳು, ಅವನ್ನು ಹಿಡಿದಿರುವ ನಾರುಗಳು ಸ್ನಾಯುಗಳಿಗಿಂತ ನಿಧಾನವಾಗಿ ಗಟ್ಟಿಯಾಗುತ್ತವೆ. ಅವಕ್ಕೂ ಸಮಯ ಕೊಡಬೇಕಲ್ವಾ?

### ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತಗೊಳ್ಳುವವರು

ಶುರುವಿಗೆ ಮುಂಚೆ ಗ್ಲುಕೋಮೀಟರ್‌ನಲ್ಲಿ ಸಕ್ಕರೆ ನೋಡಿ. 90ಕ್ಕಿಂತ ಕಡಿಮೆ ಇದ್ದರೆ ಒಂದು ಬಾಳೆಹಣ್ಣು ತಿಂದು, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಅವತ್ತು ವ್ಯಾಯಾಮ ಬೇಡ, ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. 250 ದಾಟಿ, ಜೊತೆಗೆ ವಾಕರಿಕೆ, ಸುಸ್ತು, ವಿಪರೀತ ಬಾಯಾರಿಕೆ ಇದ್ದರೂ ವ್ಯಾಯಾಮ ಬಿಟ್ಟು ವೈದ್ಯರಿಗೆ ಫೋನ್ ಮಾಡಿ. ಕೈ ನಡುಕ, ತಣ್ಣನೆ ಬೆವರು, ತಲೆ ಮಂಕು ಬಂದರೆ ಸಕ್ಕರೆ ಕುಸಿದಿರಬಹುದು. ಬೆಲ್ಲದ ತುಂಡೋ ಗ್ಲುಕೋಸ್ ಪುಡಿಯೋ ಕೈಗೆಟುಕುವ ಕಡೆ ಇರಲಿ.

## ಹಂತ 6: ಮೂರನೇ ವಾರದಿಂದ ಏರಿಸುವ ಕ್ರಮ

ಏರಿಸುವುದಕ್ಕೂ ಒಂದು ಸಾಲು ಇದೆ. ಮೊದಲು ಎಣಿಕೆ, ಆಮೇಲೆ ಸುತ್ತು, ಕೊನೆಗೆ ಭಾರ. ಒಂದು ಸಲಕ್ಕೆ ಒಂದನ್ನೇ ಬದಲಿಸಿ.

3 ಮತ್ತು 4ನೇ ವಾರದಲ್ಲಿ ಎಣಿಕೆಯನ್ನು 12-15ಕ್ಕೆ ತನ್ನಿ. 5 ಮತ್ತು 6ನೇ ವಾರದಲ್ಲಿ ಎರಡನೇ ಸುತ್ತು ಸೇರಿಸಿ, ಎಣಿಕೆ ಮತ್ತೆ 10ಕ್ಕೆ ಇಳಿಸಿ. 7ನೇ ವಾರದಿಂದ ಭಾರ. ಕುರ್ಚಿಯಿಂದ ಏಳುವಾಗ 2 ಕಿಲೋ ಉಪ್ಪಿನ ಚೀಲವನ್ನು ಎದೆಗೆ ಅಪ್ಪಿಕೊಳ್ಳಿ. ಸೊಂಟದಿಂದ ಬಾಗುವಾಗ ಚೀಲ ಕೈಯಲ್ಲಿ ಇಳಿಬಿಟ್ಟಿರಲಿ. ಗೋಡೆ ಬದಲು ಅಡುಗೆಮನೆಯ ಕಟ್ಟೆಗೆ ಕೈ ಊರಿ ತಳ್ಳಿ. ತೆಳು ಬ್ಯಾಂಡ್ ಬಿಟ್ಟು ಮಧ್ಯಮ ಬ್ಯಾಂಡ್ ಹಿಡಿಯಿರಿ.

ಮುಂದೆ ಯಾವಾಗ ಏರಿಸಬೇಕು? ಕೊನೆಯ ಸುತ್ತಿನಲ್ಲಿ ಗೊತ್ತು ಮಾಡಿದ್ದಕ್ಕಿಂತ ಎರಡು ಸಲ ಹೆಚ್ಚಿಗೆ ಮಾಡಲು ಸಾಧ್ಯವಾದರೆ, ಅದೂ ಸತತ ಎರಡು ದಿನ ಆದರೆ, ಒಂದು ಪ್ಯಾಕೆಟ್ ಸೇರಿಸಿ. ಆ ದಿನ ಬರದಿದ್ದರೆ ಅದೇ ಭಾರದಲ್ಲೇ ಇರಿ. 'ಒಂದೇ ಸಲಕ್ಕೆ ಎಷ್ಟು ಎತ್ತಬಲ್ಲೆ ನೋಡೋಣ' ಎಂಬ ಪರೀಕ್ಷೆ ಯಾವತ್ತೂ ಬೇಡ. ಜಿಮ್‌ನಲ್ಲಿ ತರಬೇತುದಾರರು ಹಾಗೆ ಹೇಳಿದರೆ 'ನನಗೆ ಬಿಪಿ ಇದೆ ಸರ್, 12 ಸಲ ಎತ್ತುವಷ್ಟು ಹಗುರ ಕೊಡಿ' ಎಂದು ನೇರವಾಗಿ ಹೇಳಿ.

ಗೋಡೆಗೆ ಒರಗಿ ಕುರ್ಚಿಯಂತೆ ಕೂರುವ ವ್ಯಾಯಾಮ ಬಿಪಿ ಇಳಿಸುವುದರಲ್ಲಿ ಮುಂದಿದೆ ಎಂದು 2023ರಲ್ಲಿ 270 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ ವಿಶ್ಲೇಷಣೆ ಹೇಳಿತು. ಆ ಸುದ್ದಿ ಓದಿ ನೇರ ಅಲ್ಲಿಗೇ ಹಾರಬೇಡಿ. ಅಲುಗದೆ ಕೂತಿರುವಾಗಲೇ ಉಸಿರು ಕಟ್ಟುವುದು ಜಾಸ್ತಿ, ಮಂಡಿಗೂ ಭಾರ ಹೆಚ್ಚು. ಬಿಪಿ ಹತೋಟಿಯಲ್ಲಿದ್ದು, ಮಂಡಿ ಚೆನ್ನಾಗಿದ್ದರೆ 8ನೇ ವಾರದ ನಂತರ 20 ಸೆಕೆಂಡಿನಿಂದ, ಪೂರ್ತಿ ಕೂರದೆ, ಗಟ್ಟಿಯಾಗಿ ಎಣಿಸುತ್ತಾ ಶುರು ಮಾಡಿ.

### ಯಾವ ನೋವು ಸರಿ, ಯಾವುದು ಸರಿಯಲ್ಲ

ಮರುದಿನ, ಮೂರನೇ ದಿನ ತೊಡೆ, ಎದೆ ಜಡ್ಡಾಗಿ ನೋಯುವುದು ಸಹಜ. ಎರಡು-ಮೂರು ದಿನಕ್ಕೆ ಹೋಗುತ್ತದೆ. ಕೀಲಿನಲ್ಲಿ ಚುಚ್ಚುವ ನೋವು, ಮಂಡಿ ಊತ, ಬೆನ್ನಿನಿಂದ ಕಾಲಿಗೆ ಇಳಿಯುವ ನೋವು ಸಹಜವಲ್ಲ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿ, ಸ್ನಾಯು ಊದಿ ವಿಪರೀತ ನೋಯುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಸ್ನಾಯು ಒಡೆದು ಮೂತ್ರಪಿಂಡಕ್ಕೆ ಹೊಡೆತ ಬೀಳುತ್ತಿರಬಹುದು. ವರ್ಷಗಟ್ಟಲೆ ಸುಮ್ನೆ ಇದ್ದವರು ಮೊದಲ ದಿನವೇ ನೂರಾರು ಬಸ್ಕಿ ಹೊಡೆದಾಗ ಆಗುವ ಅನಾಹುತ ಇದು.

## ಹಂತ 7: ನಡಿಗೆಯನ್ನು ಬಿಡಬೇಡಿ

ಭಾರದ ವ್ಯಾಯಾಮ ಶುರುವಾದ ಮೇಲೆ 'ಇನ್ನು ವಾಕಿಂಗ್ ಯಾಕೆ?' ಎಂದು ಬಿಡುವವರು ಬಹಳ. ಇದು ದುಬಾರಿ ತಪ್ಪು.

ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದವರು ತೂಕವೂ ಬಿಪಿಯೂ ಜಾಸ್ತಿ ಇದ್ದ, 35ರಿಂದ 70 ವರ್ಷದೊಳಗಿನ 406 ಜನರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಬರೀ ಭಾರ. ಇನ್ನೊಂದಕ್ಕೆ ಬರೀ ಟ್ರೆಡ್‌ಮಿಲ್, ಸೈಕಲ್ ಥರದ್ದು. ಮೂರನೆಯದಕ್ಕೆ ಅರ್ಧ ಗಂಟೆ ಅದು, ಅರ್ಧ ಗಂಟೆ ಇದು. ನಾಲ್ಕನೆಯದಕ್ಕೆ ಏನೂ ಇಲ್ಲ. ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆ, ಒಂದು ವರ್ಷ. 2024ರಲ್ಲಿ ಫಲಿತಾಂಶ ಬಂತು. ಬಿಪಿ, ಕೆಟ್ಟ ಕೊಲೆಸ್ಟ್ರಾಲ್, ಸಕ್ಕರೆ, ಕೊಬ್ಬಿನ ಪ್ರಮಾಣ ನಾಲ್ಕನ್ನೂ ಸೇರಿಸಿದ ಅಪಾಯದ ಅಂಕ ಎರಡನೇ ಮತ್ತು ಮೂರನೇ ಗುಂಪಿನಲ್ಲಿ ಇಳಿಯಿತು. ಬರೀ ಭಾರ ಎತ್ತಿದವರಲ್ಲಿ ಹಾಗೆ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ.

ಹಾಗಾದರೆ ಬರೀ ನಡಿಗೆ ಸಾಕಲ್ಲ ಎನ್ನಬಹುದು. ಆದರೆ ಗಮನಿಸಿ, ಅರ್ಧರ್ಧ ಮಾಡಿದವರು ಅರ್ಧ ಸಮಯದ ಓಟ-ನಡಿಗೆಯಲ್ಲೇ ಹೃದಯಕ್ಕೆ ಹೆಚ್ಚುಕಮ್ಮಿ ಅಷ್ಟೇ ಲಾಭ ಪಡೆದರು, ಮೇಲೆ ಶಕ್ತಿಯೂ ಬಂತು. ಮಂಡಿ ನೋವಿನಿಂದ ಒಂದು ಗಂಟೆ ನಡೆಯಲಾಗದವರಿಗೆ ಇದು ನಿಜಕ್ಕೂ ಒಳ್ಳೆಯ ಸುದ್ದಿ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಬಿರುಸು ನಡಿಗೆ, ಜೊತೆಗೆ ಎರಡು ದಿನ ಸ್ನಾಯುಗಳ ವ್ಯಾಯಾಮ. ಒಮ್ಮೆಗೇ ಆಗದಿದ್ದರೆ ಪ್ರತಿ ಊಟದ ನಂತರ ಹತ್ತು ನಿಮಿಷ ನಡೆಯಿರಿ. ಅದೂ ಲೆಕ್ಕಕ್ಕೆ ಬರುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ, ಮಂಗಳೂರು-ಉಡುಪಿಯ ಸೆಕೆಯಲ್ಲಿ ಬೆಳಿಗ್ಗೆ ಏಳರೊಳಗೆ ಮುಗಿಸಿ. ಹೃದಯ ವೈಫಲ್ಯಕ್ಕೆ ನೀರು ಮಿತಿ ಹಾಕಿದ್ದರೆ, ಬೆವರಿದಾಗ ಎಷ್ಟು ಕುಡಿಯಬೇಕೆಂದು ವೈದ್ಯರನ್ನೇ ಕೇಳಿ.

## ಹಂತ 8: ತಟ್ಟೆಯಲ್ಲಿ ಒಂದು ಬದಲಾವಣೆ

ನಮ್ಮ ಊಟದಲ್ಲಿ ಅನ್ನ, ಮುದ್ದೆ, ಚಪಾತಿ ಜಾಸ್ತಿ, ಪ್ರೋಟೀನ್ ಕಡಿಮೆ. ನೀರು ಸಾರಿನಲ್ಲಿ ಬೇಳೆ ಹುಡುಕಬೇಕು. ಎತ್ತರದ ಸೆಂ.ಮೀ.ನಿಂದ 100 ಕಳೆದರೆ ಬರುವ ಸಂಖ್ಯೆಯಷ್ಟು ಗ್ರಾಂ ಪ್ರೋಟೀನ್ ದಿನಕ್ಕೆ ಎಂದು ಗುರಿ ಇಡಿ. 160 ಸೆಂ.ಮೀ. ಇದ್ದವರಿಗೆ 60 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 50 ಗ್ರಾಂ ಹುರಿಗಡಲೆಯಲ್ಲಿ ಸುಮಾರು 10, 30 ಗ್ರಾಂ ಸೋಯಾ ಚಂಕ್ಸ್‌ನಲ್ಲಿ ಸುಮಾರು 15. ಹುರುಳಿ, ಅಲಸಂದೆ, ಹೆಸರುಕಾಳಿನ ಉಸಲಿ ಬೆಳಗಿನ ತಿಂಡಿಗೇ ಬರಲಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಏರಿಸಬೇಡಿ.

ತೂಕ ಇಳಿಸುವ ಹೊಸ ಇಂಜೆಕ್ಷನ್‌ಗಳನ್ನು, ಅಂದರೆ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ತಗೊಳ್ಳುತ್ತಿರುವವರಿಗೆ ಈ ಹಂತ ಇನ್ನೂ ಮುಖ್ಯ. ಹಸಿವು ಸತ್ತು ತೂಕ ಬೇಗ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ಭಾರದ ವ್ಯಾಯಾಮ ಮತ್ತು ಸಾಕಷ್ಟು ಪ್ರೋಟೀನ್ ಎರಡೂ ಇದ್ದರೆ ಆ ನಷ್ಟ ತಗ್ಗುತ್ತದೆ.

## ತಕ್ಷಣ ನಿಲ್ಲಿಸಬೇಕಾದ ಲಕ್ಷಣಗಳು

ಈ ಭಾಗವನ್ನು ಮನೆಯವರಿಗೂ ಓದಿ ಹೇಳಿ. ಎದೆಯ ಮೇಲೆ ಭಾರ ಇಟ್ಟಂತೆ, ಹಿಂಡಿದಂತೆ ಆಗುವುದು. ಆ ನೋವು ಎಡಗೈ, ದವಡೆ, ಕುತ್ತಿಗೆ, ಬೆನ್ನಿಗೆ ಹರಡುವುದು. ತಣ್ಣನೆ ಬೆವರು. ವಿಶ್ರಾಂತಿ ಪಡೆದರೂ ಇಳಿಯದ ಏದುಸಿರು. ಎದೆ ಬಡಿತ ತಾಳ ತಪ್ಪುವುದು. ಕಣ್ಣು ಕತ್ತಲಿಟ್ಟು ಬೀಳುವಂತಾಗುವುದು. ಹಠಾತ್ ಸಿಡಿಯುವ ತಲೆನೋವು, ಬಾಯಿ ಸೊಟ್ಟಗಾಗುವುದು, ಒಂದು ಕಡೆಯ ಕೈ ಕಾಲು ಸೋಲುವುದು.

ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ, ಉಸಿರಾಟದ ಕಷ್ಟವಾಗಿ ಕಾಣಿಸಬಹುದು. ನಮ್ಮಲ್ಲಿ ಇದನ್ನು 'ಗ್ಯಾಸ್ಟ್ರಿಕ್ ಕಣ್ರೀ' ಎಂದು ಜೀರಿಗೆ ಕಷಾಯ, ಸೋಡಾ ಕುಡಿದು ಮಲಗಿ ಕಳೆದುಕೊಂಡ ಜೀವಗಳು ಎಷ್ಟೋ. ವ್ಯಾಯಾಮದ ಸಮಯದಲ್ಲಿ ಶುರುವಾದ ಎದೆಯುರಿಯನ್ನು ಇಸಿಜಿ ಆಗುವವರೆಗೆ ಗ್ಯಾಸ್ಟ್ರಿಕ್ ಎನ್ನಲೇಬೇಡಿ.

ಕೂತುಕೊಳ್ಳಿ, 108ಕ್ಕೆ ಕರೆ ಮಾಡಿ. ನೀವೇ ಸ್ಕೂಟರ್ ಓಡಿಸಿಕೊಂಡು ಹೋಗಬೇಡಿ. ಪಕ್ಕದ ಮನೆಯವರ ನಾಲಿಗೆ ಕೆಳಗಿನ ಮಾತ್ರೆ ಇಟ್ಟುಕೊಳ್ಳಬೇಡಿ, ಬಿಪಿ ಕುಸಿಯಬಹುದು. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ನಿಮ್ಮ ಊರಿಗೆ ಹತ್ತಿರದ ಅಂಥ ಆಸ್ಪತ್ರೆ ಯಾವುದು ಎಂದು ಇವತ್ತೇ ವಿಚಾರಿಸಿ, ಅಡುಗೆಮನೆ ಗೋಡೆಯ ಮೇಲೆ ಬರೆದಿಡಿ.

## ಹಂತ 9: ಹನ್ನೆರಡನೇ ವಾರದಲ್ಲಿ ಮತ್ತೆ ಅಳೆಯಿರಿ

ಅದೇ ಪಟ್ಟಿ, ಅದೇ ಕುರ್ಚಿ, ಅದೇ ಹೊತ್ತು. ಬಿಪಿ, ಸೊಂಟ, 30 ಸೆಕೆಂಡಿನ ಎದ್ದು ಕೂರುವ ಎಣಿಕೆ ಮೂರನ್ನೂ ಹಳೆಯದರ ಪಕ್ಕ ಬರೆಯಿರಿ. ಸಾಮಾನ್ಯವಾಗಿ ಮೊದಲು ಏರುವುದು ಎಣಿಕೆ. ಸೊಂಟ ಒಂದೆರಡು ಸೆಂ.ಮೀ. ಇಳಿದರೂ ಅದು ಒಳಗಿನ ಕೊಬ್ಬು ಕರಗುತ್ತಿರುವ ಗುರುತು. ಏನೂ ಬದಲಾಗದಿದ್ದರೆ ಡೈರಿ ತೆಗೆದು ನೋಡಿ: ತಪ್ಪಿದ ದಿನಗಳೆಷ್ಟು? 7ನೇ ವಾರದ ನಂತರ ಭಾರ ನಿಜವಾಗಿ ಏರಿದೆಯಾ? ಕೊನೆಯವರೆಗೂ ಅದೇ 2 ಕಿಲೋದಲ್ಲೇ ನಿಂತವರು ಬಹಳ ಜನ. ಮಧ್ಯೆ ಜ್ವರ, ಮದುವೆ, ಹಬ್ಬ ಬಂದು ಎರಡು ವಾರ ತಪ್ಪಿದ್ದರೆ ಬಿಟ್ಟ ಭಾರದಿಂದ ಮುಂದುವರಿಸಬೇಡಿ. ಅರ್ಧ ಭಾರಕ್ಕೆ ಇಳಿದು, ಒಂದು ಸುತ್ತಿನಿಂದ ಮತ್ತೆ ಹತ್ತಿ.

ಈ ಹಾಳೆಯನ್ನು ವೈದ್ಯರ ಹತ್ತಿರ ತಗೊಂಡು ಹೋಗಿ, ಸಕ್ಕರೆ ಮತ್ತು ಕೊಲೆಸ್ಟ್ರಾಲ್ ಮತ್ತೊಮ್ಮೆ ನೋಡಿಸಿ. ಬಿಪಿಯ ಮೇಲಿನ ಅಂಕಿ 110ರ ಆಸುಪಾಸಿಗೆ ಇಳಿದು ಎದ್ದಾಗ ತಲೆ ತಿರುಗುತ್ತಿದ್ದರೆ, ಪದೇಪದೇ ಸಕ್ಕರೆ ಕಡಿಮೆಯಾಗುತ್ತಿದ್ದರೆ, ಮಾತ್ರೆಯ ಪ್ರಮಾಣ ಇಳಿಸಬೇಕಾಗಬಹುದು. ಅದನ್ನು ಅವರು ಇಳಿಸಲಿ, ನೀವೇ ಇಳಿಸಬೇಡಿ. ಕೊಲೆಸ್ಟ್ರಾಲ್ ಮಾತ್ರೆಯ ವಿಷಯ ಬೇರೆ. ವ್ಯಾಯಾಮದಿಂದ ಕೆಟ್ಟ ಕೊಲೆಸ್ಟ್ರಾಲ್ ಇಳಿಯುವುದು ಸ್ವಲ್ಪವೇ, ಹಾಗಾಗಿ ಅದನ್ನು ನಿಲ್ಲಿಸುವ ಯೋಚನೆ ಬೇಡ. ಆ ಮಾತ್ರೆ ಶುರುವಾದ ಮೇಲೆ ವ್ಯಾಯಾಮಕ್ಕೆ ಸಂಬಂಧವಿಲ್ಲದ ಮೈಕೈ ನೋವು ಬಂದಿದ್ದರೆ ಅದನ್ನೂ ಇದೇ ಭೇಟಿಯಲ್ಲಿ ಹೇಳಿ.